ಶಾಲು ವೇದಿಕೆಗೆ, ಥಂಡಿ ಅಂಕಣಕ್ಕೆ

ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಪೋಸ್ಟರೊಂದನ್ನು ನಿಂತು ಪೂರ್ತಿ ಓದಿ ನೋಡಿ. ಹಾನಗಲ್ಲಿನದಾಗಲಿ, ಶಿಗ್ಗಾವಿಯದಾಗಲಿ, ಸವಣೂರು-ಹಿರೇಕೆರೂರಿನದಾಗಲಿ, ಒಕ್ಕಣೆ ಹೆಚ್ಚುಕಡಿಮೆ ಒಂದೇ. ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಜ್ಯೋತಿ ಬೆಳಗಿಸುವವರು, ಅಂಕಣ ಪೂಜೆ ಮಾಡುವವರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಮೊದಲ ಬಹುಮಾನದ ದಾನಿಗಳು, ಎರಡನೆಯದರ ದಾನಿಗಳು, ಕಪ್ಪಿನ ದಾನಿಗಳು. ತಳದಲ್ಲಿ ಸಣ್ಣ ಅಕ್ಷರದಲ್ಲಿ ಪ್ರವೇಶ ಶುಲ್ಕ, ಜೊತೆಗೆ ನಿರ್ಣಾಯಕರ ತೀರ್ಮಾನವೇ ಅಂತಿಮ ಎಂಬ ಎಚ್ಚರಿಕೆ. ಆಡಲು ಬರುವವರ ಮೈಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಡಿಸೆಂಬರ್-ಜನವರಿಯ ನಡುರಾತ್ರಿ, ಬನಿಯನ್ನು ಚಡ್ಡಿಯಲ್ಲಿ, ಬರಿಗಾಲಲ್ಲಿ, ನೀರು ಚಿಮುಕಿಸಿದ ಮಣ್ಣಿನ ಮೇಲೆ ಇಳಿಯುವ ಆ ಹುಡುಗರು ಎಲ್ಲಿ ಕೂರಬೇಕು, ಯಾವಾಗ ಮೈ ಕಾಯಿಸಿಕೊಳ್ಳಬೇಕು, ಎರಡು ಪಂದ್ಯಗಳ ನಡುವೆ ಏನು ಹೊದೆಯಬೇಕು? ಅದು ಅವರ ಹಣೆಬರಹ.

ಈ ನಾಲ್ಕು ತಾಲೂಕುಗಳ ಹಳ್ಳಿಯಾಟಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವುದರಿಂದ ಮೂರು ಚಳಿಗಾಲಗಳನ್ನು ಇಂಥ ಅಂಕಣಗಳ ಪಕ್ಕ ಕಳೆದಿದ್ದೇನೆ. ಮಫ್ಲರ್ ಸುತ್ತಿಕೊಂಡು, ಸ್ವೆಟರ್ ಮೇಲೆ ಜರ್ಕಿನ್ ಹಾಕಿಕೊಂಡು, ಕೈಯಲ್ಲಿ ಚಹಾ ಹಿಡಿದು ಟಿಪ್ಪಣಿ ಬರೆದುಕೊಂಡವನು ನಾನು. ಮೈ ಬೆಚ್ಚಗಿದ್ದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಆ ಪಟ್ಟಿಯಲ್ಲಿ ಇಲ್ಲದವರು ಆಟಗಾರರು ಮಾತ್ರ.

ಮೊದಲು ಥಂಡಿಯ ಮಾತನ್ನೇ ತೀರಿಸಿಬಿಡೋಣ. ನಮ್ಮದು ನೀರು ಹೆಪ್ಪುಗಟ್ಟುವ ಚಳಿ ಅಲ್ಲ, ಒಪ್ಪಿದೆ. ಬೆಳಗಿನ ಜಾವ 14-15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕಿಂತ ಸ್ವಲ್ಪ ಕೆಳಗೆ. ಮಧ್ಯಾಹ್ನ ಮತ್ತೆ 30ರ ಹತ್ತಿರ. ಈ ಏರಿಳಿತವೇ ನಮ್ಮನ್ನು ಮೋಸ ಮಾಡುವುದು. ಮಧ್ಯಾಹ್ನದ ಬಿಸಿಲಲ್ಲಿ ಅಂಕಣಕ್ಕೆ ಗೆರೆ ಎಳೆಯುತ್ತ ಬೆವರುವ ಸಂಘಟಕರಿಗೆ ರಾತ್ರಿ ಎರಡು ಗಂಟೆ ನೆನಪಾಗುವುದಿಲ್ಲ. ಹಾನಗಲ್ಲಿನ ಕಡೆ ಭತ್ತದ ಗದ್ದೆ, ಕೆರೆಗಳ ಸೀಮೆ. ಅಲ್ಲಿ ಇಬ್ಬನಿ ಇಳಿದು ನೆಲ ತೊಯ್ದಿರುತ್ತದೆ. ಹಿರೇಕೆರೂರಿನ ಕೆಲವು ಊರುಗಳಲ್ಲೂ ಹಾಗೆಯೇ. ಸವಣೂರಿನ ಬಯಲಿನಲ್ಲಿ ತೇವ ಕಡಿಮೆ, ಆದರೆ ಮೂಡಗಾಳಿಗೆ ಅಡ್ಡವಾಗಿ ಒಂದು ಗಿಡವೂ ಇರುವುದಿಲ್ಲ. ಶಿಗ್ಗಾವಿಯಲ್ಲಿ ಪಡುವಣದ ಹಳ್ಳಿಗೆ ಹೋದರೆ ಒಂದು ಥಂಡಿ, ಹೆದ್ದಾರಿಯ ಬದಿಗೆ ಬಂದರೆ ಇನ್ನೊಂದು. ಇವೆಲ್ಲದಕ್ಕೂ ನಮ್ಮ ಕಡೆ ಸಿದ್ಧವಿರುವ ಉತ್ತರ ಒಂದೇ: "ಇದೇನ್ ಥಂಡಿ ಬಿಡೋ ಲೇ, ಆಡಾಕ ಇಳಿದ್ರ ತಾನ ಬಿಸಿ ಆಕ್ಕತಿ."

ಈ ಮಾತಿನ ಮೇಲೆಯೇ ನನ್ನ ತಕರಾರು. ಆಡಲು ಇಳಿದರೆ ಮೈ ಬಿಸಿಯಾಗುತ್ತದೆ ಅನ್ನುವುದು ನಿಜ. ಆದರೆ ಮೈ ಬಿಸಿಯಾಗುವ ಮೊದಲೇ ಕಾಲು ತಿರುಚಿದರೆ? ತಣ್ಣಗಿರುವ ಸ್ನಾಯು ನಿಧಾನವಾಗಿ ಕುಗ್ಗುತ್ತದೆ, ನಿಧಾನವಾಗಿ ಸಡಿಲಾಗುತ್ತದೆ, ಕೊಡಬೇಕಾದ ಬಲವನ್ನು ಕೊಡುವುದಿಲ್ಲ. ಹತ್ತು-ಹದಿನೈದು ನಿಮಿಷ ಓಡಿ ಕುಣಿದು ಅದನ್ನು ಬಿಸಿ ಮಾಡಿದರೂ, ಸುಮ್ಮನೆ ಕೂತರೆ ಇನ್ನು ಹದಿನೈದು-ಇಪ್ಪತ್ತು ನಿಮಿಷದಲ್ಲಿ ಆ ಬಿಸಿಯ ಬಹುಪಾಲು ಇಳಿದುಹೋಗುತ್ತದೆ. ಬೆವರಿಗೆ ತೊಯ್ದ ಬನಿಯನ್ನು, ಮೇಲೆ ಗಾಳಿ ಸೇರಿದರೆ ಇನ್ನೂ ಬೇಗ. ಒಂದು ಸಲ ಬೆವರಿದವನು ಬೆವರದವನಿಗಿಂತ ಹೆಚ್ಚು ನಡುಗುವುದನ್ನು ಹೊಲದಲ್ಲಿ ರಾತ್ರಿ ನೀರು ಹಾಯಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಈಗ ನಮ್ಮ ಆಟಗಳನ್ನೇ ನೋಡಿ. ಫುಟ್ಬಾಲಿನ ಹಾಗೆ ಇವು ಸತತವಾಗಿ ಓಡುವ ಆಟಗಳಲ್ಲ. ಕಬಡ್ಡಿಯಲ್ಲಿ ಔಟಾದವನು ಹೊರಗೆ ಹೋಗಿ ಕೂರಬೇಕು. ತನ್ನ ತಂಡ ಎದುರಾಳಿಯನ್ನು ಔಟ್ ಮಾಡಿದಾಗ ಸರದಿಯ ಪ್ರಕಾರ ಒಳಗೆ ಬರಬೇಕು. ಮೂರು ನಿಮಿಷ ಕೂತಿದ್ದವನು, ನಾಲ್ಕು ನಿಮಿಷ ಕೂತಿದ್ದವನು, ಒಳಗೆ ಕಾಲಿಟ್ಟ ಮರುಕ್ಷಣವೇ ಎಪ್ಪತ್ತು-ಎಂಬತ್ತು ಕೆ.ಜಿ.ಯ ದಾಳಿಗಾರನ ತೊಡೆಗೆ ಕೈ ಹಾಕಬೇಕು. ಖೋಖೋ ಇನ್ನೂ ನಿಷ್ಠುರ. ಎಂಟು ಜನ ಚೌಕಗಳಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಬೆನ್ನಿಗೆ 'ಖೋ' ಬಿದ್ದ ಕೂಡಲೇ ಕೂತ ಭಂಗಿಯಿಂದ ನೇರ ಓಟಕ್ಕೆ ಚಿಮ್ಮಬೇಕು. ಓಡುವ ತಂಡದವರು ಮೂವರು ಮೂವರಾಗಿ ಒಳಗೆ ಬರುವುದರಿಂದ ಕೊನೆಯ ಮೂವರು ಅಲ್ಲಿಯವರೆಗೆ ಗೆರೆಯ ಆಚೆ ಕೂತೇ ಇರುತ್ತಾರೆ. ತಣ್ಣಗೆ ಕೂರುವುದು, ಒಮ್ಮೆಲೇ ಸಿಡಿಯುವುದು, ಮತ್ತೆ ತಣ್ಣಗೆ ಕೂರುವುದು: ಇದೇ ಈ ಆಟಗಳ ಲಯ. ಥಂಡಿಯಲ್ಲಿ ಹೆಚ್ಚಿನ ತಯಾರಿ ಬೇಡುವ ಆಟಗಳು ಯಾವುವಾದರೂ ಇದ್ದರೆ ಅವು ಇವೇ. ತಯಾರಿಯೇ ಇಲ್ಲದೆ ನಾವು ಆಡಿಸುವುದೂ ಇವನ್ನೇ.

ಕಬಡ್ಡಿಯಲ್ಲಿ ಉಸಿರಿನದೊಂದು ಲೆಕ್ಕವಿದೆ. ಈಗ ದಾಳಿಗೆ 30 ಸೆಕೆಂಡಿನ ಮಿತಿ ಇದ್ದರೂ 'ಕಬಡ್ಡಿ ಕಬಡ್ಡಿ' ಎನ್ನುತ್ತಲೇ ಇರಬೇಕಲ್ಲ. ಗೆರೆ ದಾಟಿ ಮರಳಿದವನು ಬಾಯಿ ತೆರೆದು ಎಳೆದುಕೊಳ್ಳುವ ಮೊದಲ ಉಸಿರು ಒಣ, ತಣ್ಣನೆಯ ಗಾಳಿ, ಅದರೊಳಗೆ ಅಂಕಣದ ಧೂಳು. ಉಬ್ಬಸದ ಒಲವಿರುವ ಹುಡುಗನಿಗೆ ಅಷ್ಟೇ ಸಾಕು, ಎದೆ ಬಿಗಿದುಕೊಳ್ಳುತ್ತದೆ. ಧೂಳು ಕೂರಲೆಂದು ನೀರು ಹೊಡೆದರೆ ನೆಲ ಜಾರುತ್ತದೆ, ಪಾದ ಮರಗಟ್ಟುತ್ತದೆ. ಇದಕ್ಕೆ ಸುಲಭ ಪರಿಹಾರ ನನಗೂ ಗೊತ್ತಿಲ್ಲ. ಸಂಜೆಯ ಬಿಸಿಲು ಇಳಿಯುವ ಮೊದಲೇ ನೀರು ಹೊಡೆದು ಹದಕ್ಕೆ ಬಿಡುವ ಒಂದಿಬ್ಬರು ಹಳೆಯ ಸಂಘಟಕರನ್ನು ನೋಡಿದ್ದೇನೆ. ಉಳಿದವರು ಫೈನಲ್‌ಗೆ ಮುಂಚೆ ಬಕೆಟ್ ಹಿಡಿದು ಓಡುತ್ತಾರೆ.

ಹಾಗಾದರೆ ತಯಾರಿಗೆ ಬೇಕಾದ ಆ ಇಪ್ಪತ್ತು ನಿಮಿಷವನ್ನು ತಿಂದವರು ಯಾರು? ವೇದಿಕೆ.

ಏಳು ಗಂಟೆಗೆ ಸರಿಯಾಗಿ ಎಂದು ಮೈಕಿನಲ್ಲಿ ಕೂಗಿದ್ದನ್ನು ನಂಬಿ ಹುಡುಗರು ಆರೂವರೆಗೆ ಬಂದಿರುತ್ತಾರೆ. ಬಂದದ್ದು ಹೇಗೆ? ನಾಲ್ವರು ಎರಡು ಬೈಕಿನಲ್ಲಿ, ಉಳಿದವರು ಟಾಟಾ ಏಸ್‌ನ ಹಿಂದೆ ನಿಂತು, ಹಿರೇಕೆರೂರಿನ ಹಳ್ಳಿಯಿಂದ ಹಾನಗಲ್ಲಿನ ಹಳ್ಳಿಗೆ, ಮುಖಕ್ಕೆ ಗಾಳಿ ಬಡಿಸಿಕೊಳ್ಳುತ್ತ. ಇಳಿಯುವಾಗಲೇ ಮೊಣಕಾಲು ಬಿಗಿದಿರುತ್ತದೆ. ಬಂದವರು ಪಾಪ ಮೈ ಸಡಿಲು ಮಾಡಿಕೊಳ್ಳುತ್ತಾರೆ, ಓಡುತ್ತಾರೆ, ಒಬ್ಬರನ್ನೊಬ್ಬರು ಹಿಡಿದು ಬಿಡುತ್ತಾರೆ. ಅತಿಥಿಗಳು ಬಂದಿಲ್ಲ. ಎಂಟೂವರೆಗೆ ಬರುತ್ತಾರೆ. ಸ್ವಾಗತ, ಪ್ರಾಸ್ತಾವಿಕ, ದೀಪ, ಸನ್ಮಾನ. ತಂಡಗಳನ್ನು ಅಂಕಣದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ, ಕೈ ಹಿಂದೆ ಕಟ್ಟಿಸಿ. ವೇದಿಕೆಯ ಮೇಲಿದ್ದವರಿಗೆ ಒಬ್ಬೊಬ್ಬರಿಗೂ ಶಾಲು. ಅವರು ಮೊದಲೇ ಕೋಟು ಹಾಕಿಕೊಂಡಿರುತ್ತಾರೆ, ಕೋಟಿನ ಮೇಲೆ ಶಾಲು, ಶಾಲಿನ ಮೇಲೆ ಹಾರ. ಎದುರಿಗೆ ಹದಿನಾಲ್ಕು ಹುಡುಗರು ತೋಳಿಲ್ಲದ ಬನಿಯನ್ನಿನಲ್ಲಿ. ಒಂದು ಊರಿನಲ್ಲಿ ಗಡಿಯಾರ ನೋಡಿ ಬರೆದುಕೊಂಡಿದ್ದೇನೆ: ಆಟಗಾರರನ್ನು ಸಾಲಾಗಿ ನಿಲ್ಲಿಸಿದ್ದು 8:40ಕ್ಕೆ, ಮೊದಲ ಶಿಳ್ಳೆ 10:20ಕ್ಕೆ. ಭಾಷಣದ ವಿಷಯ ಯುವಕರು ಮತ್ತು ಆರೋಗ್ಯ. ಅದು ಮುಗಿದ ಕೂಡಲೇ ಕೈಕುಲುಕಿಸಿ, ಫೋಟೋ ತೆಗೆಸಿ, "ಆಟ ಶುರು!" ಮತ್ತೆ ಮೈ ಕಾಯಿಸಿಕೊಳ್ಳಲು ಹತ್ತು ನಿಮಿಷ ಕೇಳಿದ ಒಬ್ಬ ನಾಯಕನಿಗೆ ಮೈಕಿನಲ್ಲೇ ಉತ್ತರ ಬಂತು, "ಲೇಟ್ ಆಗೇತಿ, ಜಲ್ದಿ ಇಳೀರಿ." ತಡ ಮಾಡಿದವರು ಯಾರು, ಅದರ ದಂಡ ಕಟ್ಟುವವರು ಯಾರು!

ಅಲ್ಲಿಗೂ ಮುಗಿಯುವುದಿಲ್ಲ. ನಾಕೌಟ್ ಪದ್ಧತಿಯಲ್ಲಿ ಮೊದಲ ಪಂದ್ಯ ಗೆದ್ದ ತಂಡಕ್ಕೆ ಮುಂದಿನ ಸರದಿ ಬರುವುದು ರಾತ್ರಿ ಒಂದಕ್ಕೋ, ಎರಡಕ್ಕೋ. ಗೊತ್ತಾದ ಸಮಯ ಇಲ್ಲ. ಹೆಸರು ಕೂಗಿದ ಮೂರು ನಿಮಿಷದಲ್ಲಿ ಬರದಿದ್ದರೆ ವಾಕೋವರ್. ಹಾಗಾಗಿ ಬೆವರು ಆರಿದ ಬನಿಯನ್ನಿನಲ್ಲೇ ಅಂಕಣದ ಸುತ್ತ ಮುದುಡಿ ಕೂತಿರುತ್ತಾರೆ. ಹಳ್ಳಿಗಳಲ್ಲಿ ಆಟದ ಅವಧಿಯನ್ನೂ ಮೊಟಕು ಮಾಡುತ್ತಾರೆ. ನಿಯಮದಂತೆ ಪುರುಷರಿಗೆ 20 ನಿಮಿಷಗಳ ಎರಡು ಅರ್ಧ, ನಡುವೆ 5 ನಿಮಿಷ ಬಿಡುವು. ಇಲ್ಲಿ ತಂಡಗಳು ಜಾಸ್ತಿ ಬಂದಷ್ಟೂ ಆಟ ಕಿರಿದು. ಮೈ ಬಿಸಿಯಾಗುವ ಹೊತ್ತಿಗೆ ಪಂದ್ಯವೇ ಮುಗಿದಿರುತ್ತದೆ.

ಚಳಿಗಾಲದ ರಾತ್ರಿ ಆಟವೇ ಬೇಡ ಅನ್ನುವವನು ನಾನಲ್ಲ. ಹಗಲು ಸುಗ್ಗಿಯ ಕೆಲಸ, ಮಳೆಯ ಅಂಜಿಕೆ ಇಲ್ಲ, ಕೊಯ್ದ ಹೊಲ ಖಾಲಿ, ಕೈಯಲ್ಲಿ ನಾಲ್ಕು ಕಾಸು. ಊರು ಸೇರುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಈ ರಾತ್ರಿಗಳಿಗೆ ಇನ್ನಷ್ಟು ಕಳೆ ಬಂದಿದೆ. ಆದರೆ ಟಿವಿಯ ಕಬಡ್ಡಿ ಛಾವಣಿಯ ಕೆಳಗೆ, ಮ್ಯಾಟಿನ ಮೇಲೆ, ಬೂಟು ಹಾಕಿ ಆಡುವ ಆಟ. ನಾವು ಅದರಿಂದ ಎರವಲು ತಂದದ್ದು ಲೈಟು, ಹಾಡು, ತೊಡೆ ತಟ್ಟುವ ಗತ್ತು. ಅಂಕಣಕ್ಕೆ ಇಳಿಯುವ ಮೊದಲು ಆ ಆಟಗಾರರು ಪರದೆಯ ಹಿಂದೆ ಮಾಡುವ ಕಸರತ್ತು ಕ್ಯಾಮೆರಾಕ್ಕೆ ಬೀಳುವುದಿಲ್ಲ, ಅದನ್ನು ನಾವು ತರಲೂ ಇಲ್ಲ.

ಮೊಬೈಲಿನಲ್ಲಿ ಹುಡುಕುವ ಹುಡುಗರಿಗೆ ಸಿಗುವ ಸಲಹೆಗಳೋ ಹಿಮ ಬೀಳುವ ನಾಡಿನವು. ಮೂರು ಪದರ ಬಟ್ಟೆ ಹಾಕಿ, ಒಳಗೆ ಥರ್ಮಲ್, ಕೈಗೆ ಗ್ಲೌಸ್, ಕಿವಿಗೆ ಟೋಪಿ. ಗ್ಲೌಸ್ ಹಾಕಿಕೊಂಡು ಯಾರ ಕಾಲು ಹಿಡಿಯುವುದು? ಇದನ್ನು ಓದಿ ನಕ್ಕು ಎಲ್ಲ ಸಲಹೆಯನ್ನೂ ಅವರು ಒಟ್ಟಿಗೆ ಆಚೆ ಎಸೆಯುತ್ತಾರೆ, ಅದೇ ದುಃಖ. ಏಕೆಂದರೆ ಆ ನಾಡುಗಳಿಂದ ಕಲಿಯಬೇಕಾದದ್ದು ಬಟ್ಟೆಯ ವಿಷಯವಲ್ಲ. ಸ್ವೀಡನ್, ನಾರ್ವೆಯ ಫುಟ್ಬಾಲ್ ಲೀಗುಗಳು ಯುರೋಪಿನ ಬಹುಪಾಲು ದೇಶಗಳ ಹಾಗೆ ಚಳಿಗಾಲದಲ್ಲಿ ನಡೆಯುವುದಿಲ್ಲ. ವಸಂತದಲ್ಲಿ ಶುರುವಾಗಿ ಚಳಿ ಬಲಿಯುವ ಹೊತ್ತಿಗೆ ಮುಗಿಯುತ್ತವೆ. ಹೆಪ್ಪುಗಟ್ಟುವ ಚಳಿಯಲ್ಲಿ ಹುಟ್ಟಿದವರು ಅದಕ್ಕೆ ಎದೆ ಕೊಡುವ ಬದಲು ವೇಳಾಪಟ್ಟಿಯನ್ನೇ ತಿದ್ದಿಕೊಂಡಿದ್ದಾರೆ. ಅದೇ ನಾರ್ವೆಯಲ್ಲಿ 13ರಿಂದ 17 ವಯಸ್ಸಿನ ಸಾವಿರದ ಎಂಟುನೂರಕ್ಕೂ ಹೆಚ್ಚು ಫುಟ್ಬಾಲ್ ಆಟಗಾರ್ತಿಯರ ಮೇಲೆ ನಡೆದ ಅಧ್ಯಯನವೊಂದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಸುಮಾರು 20 ನಿಮಿಷದ ಕ್ರಮಬದ್ಧ ವಾರ್ಮಪ್: ನಿಧಾನ ಓಟ, ತೊಡೆಯ ಬಲಕ್ಕೆ ಕಸರತ್ತು, ಒಂಟಿಕಾಲಿನ ಸಮತೋಲ, ಜಿಗಿದು ಮೊಣಕಾಲು ಒಳಗೆ ಬಾಗದಂತೆ ಇಳಿಯುವುದು. ಹೀಗೆ ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳು ಮೂರನೇ ಒಂದರಷ್ಟು ಕಡಿಮೆಯಾದವು. ಇದಕ್ಕೆ ಯಂತ್ರ ಬೇಡ, ಜಿಮ್ ಬೇಡ. ಸಮಯ ಬೇಕು.

ಅಷ್ಟು ದೂರ ಹೋಗುವುದೂ ಬೇಡ. ಗರಡಿ ಮನೆ ನಮ್ಮದೇ ಅಲ್ಲವೆ? ಸವಣೂರು ತಾಲೂಕಿನ ಒಂದು ಊರಿನಲ್ಲಿ ಎಪ್ಪತ್ತು ದಾಟಿದ ಪೈಲವಾನರೊಬ್ಬರ ಜೊತೆ ಮಧ್ಯಾಹ್ನವಿಡೀ ಕೂತಿದ್ದೆ. ಚಳಿಗಾಲದ ಸಾಮು ಹೇಗಿತ್ತು ಎಂದು ಕೇಳಿದಾಗ ಅವರು ಕುಸ್ತಿಯ ಮಾತೇ ಎತ್ತಲಿಲ್ಲ. ನಸುಕಿನಲ್ಲಿ ಗುದ್ದಲಿ ಹಿಡಿದು ಕೆಮ್ಮಣ್ಣು ಕೆದರುವುದು, ಎಣ್ಣೆ ತಿಕ್ಕಿಕೊಳ್ಳುವುದು, ದಂಡ, ಬೈಠಕ್, ಆಮೇಲೆ ಸಣ್ಣವರ ಜೊತೆ ಹಗುರಾಗಿ ಕೈ ಕಲೆಸುವುದು. "ತಮ್ಮಾ, ಮೂಗಿನ ತುದೀಂದ ಬೆವರು ಮಣ್ಣಿಗೆ ಬೀಳೂತನಾ ಉಸ್ತಾದ್ ಜೋಡಿ ಬಿಡ್ತಿದ್ದಿಲ್ಲ" ಎಂದರು. ಮಣ್ಣು ಕೆದರುವುದೂ ತಯಾರಿಯ ಭಾಗವೇ; ನೆಲವೂ ಮೆತ್ತಗಾಯಿತು, ಮೈಯೂ ಬಿಸಿಯಾಯಿತು. ಸಾಮು ಮುಗಿದ ಮೇಲೆ ಗಾಳಿಗೆ ಬರಬಾರದು, ಕಂಬಳಿ ಹೊದ್ದು ಕೂರಬೇಕು. ಇದೆಲ್ಲ ಪುಸ್ತಕ ಓದಿ ಬಂದ ತಿಳಿವಳಿಕೆಯಲ್ಲ. ಕಬಡ್ಡಿ ಸಂಘಟಕರಲ್ಲಿ ಅರ್ಧದಷ್ಟು ಜನ ಇಂಥ ಗರಡಿಗಳ ಮುಂದೆಯೇ ಬೆಳೆದವರು. ಅಲ್ಲಿಂದ ಮೀಸೆ ಉಳಿಸಿಕೊಂಡರು, ಗುದ್ದಲಿ ಬಿಟ್ಟರು.

ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಎನ್ನುವ ಹಿರಿಯರಿಗೆ ಇಷ್ಟೇ ಕೇಳುತ್ತೇನೆ: ನಿಮ್ಮ ಕಾಲದ ಆಟಗಾರ ಸಂಜೆಯವರೆಗೆ ಏನು ಮಾಡುತ್ತಿದ್ದ? ರಾಶಿ ಮಾಡುತ್ತಿದ್ದ, ಚೀಲ ಹೊರುತ್ತಿದ್ದ, ಎತ್ತಿನ ಹಿಂದೆ ನಡೆಯುತ್ತಿದ್ದ. ಅವನ ವಾರ್ಮಪ್ ಹಗಲೆಲ್ಲ ಆಗಿರುತ್ತಿತ್ತು. ಇಂದಿನವನು ಕಾಲೇಜಿನ ಬೆಂಚಿನಿಂದ ಎದ್ದು ಬರುತ್ತಾನೆ, ಮೊಬೈಲ್ ಅಂಗಡಿಯ ಕುರ್ಚಿಯಿಂದ ಎದ್ದು ಬರುತ್ತಾನೆ. ಮೈ ಬೇರೆ, ಗತ್ತು ಮಾತ್ರ ಹಳೆಯದು.

ಹುಡುಗಿಯರ ಮಾತಿಗೆ ಬರುತ್ತೇನೆ, ಸ್ವಲ್ಪ ನಿಧಾನವಾಗಿ. ರಾತ್ರಿಯ ಪಂದ್ಯಾವಳಿಗಳಲ್ಲಿ ಅವರು ಕಡಿಮೆ. ಕಾಲೇಜು ಕ್ರೀಡಾಕೂಟಗಳಲ್ಲಿ, ಬೆಳಗಿನ ಏಳಕ್ಕೆ, ಇಬ್ಬನಿ ಆರುವ ಮೊದಲು ಮೈದಾನದಲ್ಲಿ ಇರುತ್ತಾರೆ. ನಸುಕಿಗೆ ಊರು ಬಿಟ್ಟು ಮೊದಲ ಬಸ್ಸು ಹಿಡಿದು, ಹೊಟ್ಟೆಗೆ ಏನೂ ಇಲ್ಲದೆ. ಕ್ರೀಡಾಜ್ಯೋತಿ, ಪಥಸಂಚಲನ, ಪ್ರತಿಜ್ಞೆ, ಭಾಷಣ ಇಲ್ಲಿಯೂ ಇವೆ. ಆದರೆ ಅವರ ತೊಡಕು ಅದೊಂದೇ ಅಲ್ಲ. ಮೈ ಕಾಯಿಸಿಕೊಳ್ಳುವುದೆಂದರೆ ಬಾಗಬೇಕು, ಜಿಗಿಯಬೇಕು, ಕಾಲು ಅಗಲಿಸಬೇಕು. ಕಾಂಪೌಂಡ್ ಗೋಡೆಯ ಮೇಲೆ ಮೊಬೈಲ್ ಹಿಡಿದು ಕೂತ ಗಂಡುಹುಡುಗರ ಎದುರಿಗೆ. ಖೋಖೋ ತಂಡದ ಹುಡುಗಿಯೊಬ್ಬಳನ್ನು "ಯಾಕವ್ವಾ, ವಾರ್ಮಪ್ ಮಾಡಂಗಿಲ್ಲೇನು?" ಎಂದು ಕೇಳಿದೆ. "ಆಟದಾಗ ನೋಡ್ತಾರ್ರೀ ಅಣ್ಣಾ, ಅದು ಆಟ. ಇದನ್ನ ನೋಡಿದ್ರ ನಗ್ತಾರ" ಎಂದಳು. ಹಾಗಾಗಿ ದುಪ್ಪಟ್ಟಾ ಸುತ್ತಿಕೊಂಡು ಗುಂಪಾಗಿ ಕೂತಿದ್ದು, ಹೆಸರು ಕೂಗಿದಾಗ ಎದ್ದು ಹೋಗುತ್ತಾರೆ. ಶೌಚಾಲಯಕ್ಕೆ ಬೀಗ ಹಾಕಿರುವುದರಿಂದ ನೀರು ಕುಡಿಯುವುದಿಲ್ಲ. ಥಂಡಿಯಲ್ಲಿ ಬಾಯಾರುವುದೂ ಇಲ್ಲವಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಬಟ್ಟೆ ಬದಲಿಸಲು ಕೋಣೆ ಇಲ್ಲವಾದ್ದರಿಂದ ಬೆವರಿದ ಟೀಶರ್ಟಿನಲ್ಲೇ ಸಂಜೆಯವರೆಗೆ.

ಮೊಣಕಾಲಿನ ಒಳಗೆ ಎಸಿಎಲ್ ಎಂಬ ಕಟ್ಟು ಇದೆ. ಓಡುತ್ತ ಒಮ್ಮೆಲೇ ನಿಂತು ತಿರುಗುವ ಆಟಗಳಲ್ಲಿ ಅದು ಹರಿಯುತ್ತದೆ, ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚಾಗಿ. ಇದು ಕ್ರೀಡಾ ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಹರಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿದರೂ ಅಂಕಣಕ್ಕೆ ಮರಳಲು ಕನಿಷ್ಠ 9 ತಿಂಗಳು. ಎಲ್ಲ ಗಾಯವೂ ಥಂಡಿಯಿಂದ ಎಂದು ನಾನು ಹೇಳುತ್ತಿಲ್ಲ. ಬಿಸಿಲಲ್ಲೂ ಮೊಣಕಾಲು ಹೋಗುತ್ತದೆ. ಆದರೆ ತಡೆಯಬಹುದಾದಷ್ಟನ್ನೂ ತಡೆಯದೆ ಬಿಟ್ಟಿದ್ದೇವೆ ಎಂಬುದು ನನ್ನ ವಾದ. ಹುಡುಗ ಬಿದ್ದರೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತಾರೆ, ಸಾಲ ಮಾಡಿಯಾದರೂ. ಅವನಿಗೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಆಗುವ ಕನಸು ಇರುತ್ತದೆ, ಮನೆಯವರಿಗೂ. ಹುಡುಗಿ ಬಿದ್ದರೆ, "ಸಾಕಿನ್ನ ಆಟ" ಎನ್ನುತ್ತಾರೆ. ನಾನು ಮಾತಾಡಿಸಿದ ಇಬ್ಬರ ಆಟ ಹೀಗೆಯೇ ನಿಂತಿದೆ. ಇಬ್ಬರೂ ಈಗ ಕುಂಟುವುದಿಲ್ಲ, ಚೆನ್ನಾಗಿಯೇ ನಡೆಯುತ್ತಾರೆ. ಆಡುವುದಿಲ್ಲ, ಅಷ್ಟೆ.

ನಮ್ಮ ಓದು-ಬರಹದ ಲೋಕಕ್ಕೂ ಇಲ್ಲೊಂದು ಮಾತು. ಕನ್ನಡದಲ್ಲಿ ಮಾಗಿಯ ಚಳಿ ಎಂದರೆ ಇಬ್ಬನಿ, ಕಂಬಳಿ, ಕಾಫಿ, ನೆನಪು. ಹಳ್ಳಿಯ ಆಟ ಎಂದರೆ ಕಳೆದುಹೋದ ಬಾಲ್ಯ, ಲಗೋರಿ, ಚಿನ್ನಿದಾಂಡು. ಈ ಹೊತ್ತಿನಲ್ಲಿ, ಇದೇ ವಾರ, ನೀವು ಕಂಬಳಿಯೊಳಗೆ ಕೂತು ಇದನ್ನು ಓದುವಾಗ ಯಾವುದೋ ಅಂಕಣದ ಪಕ್ಕ ನಡುಗುತ್ತ ಕೂತ ಹತ್ತೊಂಬತ್ತರ ಹುಡುಗ ನಮ್ಮ ಪ್ರಬಂಧಗಳಲ್ಲಿ ಕಾಣುವುದಿಲ್ಲ. ನನ್ನ ವಿಭಾಗದಲ್ಲೂ ಹಳ್ಳಿಯಾಟದ ಬಗ್ಗೆ ಸೆಮಿನಾರ್ ಆದರೆ ಆಚರಣೆ, ಸಂಕೇತ, ಅಸ್ಮಿತೆ ಇವುಗಳ ಚರ್ಚೆ ಆಗುತ್ತದೆ. ಆಟಗಾರನ ಹಿಂಗಾಲಿನ ಸ್ನಾಯು ಯಾವ ಅಧ್ಯಾಯಕ್ಕೂ ಸೇರುವುದಿಲ್ಲ.

ದುಡ್ಡಿಲ್ಲ ಎನ್ನುವ ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಂಕಣದ ಹಿಂಬದಿ ಗಾಳಿಗೆ ಅಡ್ಡವಾಗಿ ಒಂದು ತಾಡಪಾಲು. ಅದರ ಮರೆಯಲ್ಲಿ ಓಡಾಡಲು ಹತ್ತು ಹೆಜ್ಜೆ ಜಾಗ. ಕೂರಲು ಹಾನಗಲ್ಲಿನಲ್ಲಾದರೆ ಭತ್ತದ ಹುಲ್ಲು, ಉಳಿದ ಕಡೆ ಮೆಕ್ಕೆಜೋಳದ ದಂಟು; ಈ ಕಾಲದಲ್ಲಿ ಎರಡಕ್ಕೂ ಬರವಿಲ್ಲ. ಅದರ ಮೇಲೆ ಕಂಬಳಿ. ಒಂದು ಹಂಡೆ ಬಿಸಿನೀರು. ಹತ್ತು ಶಾಲಿನ ಖರ್ಚಿನಲ್ಲಿ ಇದರ ದೊಡ್ಡ ಪಾಲು ಬರುತ್ತದೆ. ಸಮಯಕ್ಕಂತೂ ಖರ್ಚೇ ಇಲ್ಲ: ಭಾಷಣಗಳನ್ನೆಲ್ಲ ಬಹುಮಾನ ವಿತರಣೆಗೆ ದೂಡಿ, ಪ್ರತಿ ಪಂದ್ಯಕ್ಕೂ ಅರ್ಧ ಗಂಟೆ ಮೊದಲು ತಂಡಗಳ ಹೆಸರು ಕೂಗಿ, ವಾಕೋವರ್ ಬೆದರಿಕೆ ಬಿಡಿ. ಹುಡುಗಿಯರಿಗೆ ಬೀಗ ತೆಗೆದ ಒಂದು ತರಗತಿ ಕೋಣೆ, ಬೀಗ ತೆಗೆದ ಶೌಚಾಲಯ. ಬೀಗದ ಕೈ ಯಾರ ಬಳಿ ಇದೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಂಡರೆ ಆಯಿತು.

ಹಿರೇಕೆರೂರು ಕಡೆಯ ನನ್ನ ಗೆಳೆಯನೊಬ್ಬ ತನ್ನೂರಿನ ಯುವಕ ಮಂಡಳದ ಪೋಸ್ಟರ್ ತಾನೇ ಬರೆದು ಪ್ರೆಸ್ಸಿಗೆ ಕೊಡುವವನು. ಈ ಸಲ ಅದರಲ್ಲಿ ಒಂದು ಸಾಲು ಸೇರಿಸು ಎಂದು ಅವನಿಗೆ ಬರೆದು ಕಳಿಸಿದ್ದೇನೆ: 'ಸಂಜೆ 6:30ರಿಂದ 7 ಆಟಗಾರರು ಮೈ ಕಾಯಿಸಿಕೊಳ್ಳುವ ಸಮಯ, 7ಕ್ಕೆ ಮೊದಲ ಪಂದ್ಯ, ಸಭಾ ಕಾರ್ಯಕ್ರಮ ಫೈನಲ್ ನಂತರ.' ಅವನು ಒಪ್ಪಿಲ್ಲ, ಇಲ್ಲವೆಂದೂ ಹೇಳಿಲ್ಲ. ಪೋಸ್ಟರಿನ ಕರಡನ್ನು ಕಳಿಸಿ, ಕೆಳಗೆ ಕೇಳಿದ್ದಾನೆ: "ಜಾಗಾ ಇಲ್ಲೋ ದೋಸ್ತ. ಇದರಾಗ ಯಾರ ಹೆಸರು ತೆಗೀಲಿ, ನೀನ ಹೇಳು."